ಹಾಸಿನ ಅಂಚಿನಲ್ಲಿ ಕೂತ ಮೋತ್ಯಾ

ಗಂಜಿಯ ವಾಸನೆ ಬಂದರೆ ಈಗಲೂ ಇಳಕಲ್ಲಿನ ನಮ್ಮ ಓಣಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ಎಳೆಗಳನ್ನು, ಓಣಿಯುದ್ದ ಬಿಗಿದು ಗಂಜಿ ಹಚ್ಚುತ್ತಿದ್ದಾಗ ನಮ್ಮ ನಾಯಿ ಮೋತ್ಯಾ ಒಮ್ಮೆ ನಡುವೆ ನುಗ್ಗಿ ಎಳೆ ಹರಿದಿತ್ತು. "ಇನ್ನೊಮ್ಮೆ ಹರೀತಂದ್ರ ಅಮೀನಗಡದಾಗ ಬಿಟ್ಟು ಬರ್ತೇನಿ ನೋಡು," ಎಂದಿದ್ದ ಅಜ್ಜ.

ಹನ್ನೆರಡು ದಿನ ಮೋತ್ಯಾನಿಗೆ ಕಲಿಸಿದೆ. "ಕುಂಡ್ರು" ಎಂದಾಗ ಕೂತು, ನಾನು "ಆತು" ಎನ್ನುವವರೆಗೆ ಕದಲದಿದ್ದರೆ ರೊಟ್ಟಿಯ ಚೂರು. ಒಮ್ಮೆಯೂ ಹೊಡೆಯಲಿಲ್ಲ. ಕೂತರೆ ನೋಟುಪುಸ್ತಕದಲ್ಲಿ ಒಂದು ಗೆರೆ, ಎದ್ದರೆ ಸೊನ್ನೆ.

ಹದಿಮೂರನೆಯ ದಿನ ಮತ್ತೆ ಹಾಸು ಬಿಗಿದರು. ಮೋತ್ಯಾನನ್ನು ಅಂಚಿನಲ್ಲಿ ಕೂಡಿಸಿ, ದಣಿದು ಪಡಸಾಲೆಯ ಗೋಡೆಗೆ ಒರಗಿದವಳು ನಿದ್ದೆಹೋದೆ.

ಅಜ್ಜ ಎಬ್ಬಿಸಿದಾಗ ಹಾಸು ಸುತ್ತಿ ಮುಗಿದಿತ್ತು. ಅವನ ಕೈಯ ಗಂಜಿ ಒಣಗಿ ಬಿರಿದಿತ್ತು.

"ಏಳವ್ವಾ, ನಿನ್ನ ನಾಯಿಗೆ ಏನ ಹೇಳಬೇಕೋ ಹೇಳು. ಬೈದೆ, ಬೇಡಿಕೊಂಡೆ, ಏಳವಲ್ದು."

ಖಾಲಿ ಓಣಿಯ ಬಿಸಿಲಲ್ಲಿ ಮೋತ್ಯಾ ನಾಲಿಗೆ ಚಾಚಿಕೊಂಡು ಅಲ್ಲೇ ಕೂತಿತ್ತು. ಅದರ ಮೇಲೆ ಅಜ್ಜ ತನ್ನ ಛತ್ರಿ ಬಿಚ್ಚಿಟ್ಟಿದ್ದ. ಮುಂದೆ ಅಜ್ಜನ ಪಾಲಿನ ರೊಟ್ಟಿ, ಇಟ್ಟ ಹಾಗೇ ಇತ್ತು.

"ಆತು," ಎಂದೆ.

ಅಂದು ಸಂಜೆ ಪುಸ್ತಕದಲ್ಲಿ ಮೋತ್ಯಾನಿಗೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಹೆಸರು ಬರೆದು ಸೊನ್ನೆ ಹಾಕಿದೆ.