ಸೆಪ್ಟೆಂಬರಿನ ಬಿಲ್ಲು

“ನವೆಂಬರಲ್ಲಿ ಬಂದೂಕಿನ ಬೇಟೆ ಶುರುವಾಗುತ್ತಲ್ಲ, ಈ ವಯಸ್ಸಲ್ಲಿ ಯಜಮಾನರಿಗೆ ಹೊಸದಾಗಿ ಅಡ್ಡಬಿಲ್ಲು ಯಾಕೆ?” ಎಂದು ಅಂಗಡಿಯ ಡ್ವೇನ್ ಕೇಳಿದ. ಕೆಂಗ್ ಮೂವಾ ಒಮ್ಮೆ ಅಪ್ಪನ ಕಡೆ ನೋಡಿದ. ಮುದುಕ ನಾಲ್ಕು ಮಾರು ಆಚೆ, ಗೋಡೆಗೆ ತೂಗುಹಾಕಿದ ಬಿಲ್ಲುಗಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕೆಂಗ್ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟ. “ನವೆಂಬರ್ ತನಕ ಅವರು ಇರಲ್ಲ.”

ಡಾಕ್ಟರು ಹೇಳಿದ್ದು ಅದನ್ನೇ. ಯಕೃತ್ತು ಪೂರಾ ಕೆಟ್ಟಿತ್ತು. ಅಮೆರಿಕದ ಈ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನವರಿಗೆ ಜಿಂಕೆ ಬೇಟೆಯ ಬಾಗಿಲು ತೆರೆಯುವುದು ನವೆಂಬರಿನ ಕೊನೆಗೆ, ಬಿಲ್ಲಿನವರಿಗೆ ಸೆಪ್ಟೆಂಬರಿನ ಮಧ್ಯಕ್ಕೇ. ನಲವತ್ತು ವರ್ಷದಲ್ಲಿ ಒಂದು ಬೇಟೆಯನ್ನೂ ತಪ್ಪಿಸದ ಅಪ್ಪ, ಚಿಯಾ ಕುವಾ, ಕೊನೆಯದೊಂದನ್ನು ಆಡದೆಯೇ ಹೋಗಬೇಕೇ? ಮಾಮೂಲಿ ಬಿಲ್ಲು ಎಳೆಯಲು ತೋಳಿನಲ್ಲಿ ಕಸುವಿಲ್ಲ. ಉಳಿದದ್ದು ಅಡ್ಡಬಿಲ್ಲು ಒಂದೇ. ಹಿಡಿ ತಿರುಗಿಸಿ ಹೆದೆ ಎಳೆದಿಟ್ಟರೆ ಮುಗಿಯಿತು, ಆಮೇಲೆ ಬಂದೂಕಿನಂತೆ ಕುದುರೆ ಒತ್ತಿದರೆ ಸಾಕು.

ಇದನ್ನೆಲ್ಲ ಅಪ್ಪನಿಗೆ ಹೇಳುವುದುಂಟೇ? ಲಾವೋಸಿನಿಂದ ವಲಸೆ ಬಂದ ಅವರ ಹ್ಮಾಂಗ್ ಜನರಲ್ಲಿ ಹಿರಿಯರ ಎದುರು ಅವರ ಸಾವಿನ ಮಾತೆತ್ತಿದರೆ ಸಾವನ್ನು ಕೂಗಿ ಕರೆದಂತೆ. ಹೇಳಲೇಬೇಕಾದರೆ, ‘ನಿಮ್ಮ ಮಕ್ಕಳಿಗೆ ನೂರಿಪ್ಪತ್ತು ವರ್ಷ ಆದಾಗ’ ಎಂದು ಸುತ್ತಿ ಬಳಸಿ ಹೇಳಬೇಕು. ಹಾಗಾಗಿ ಕೆಂಗ್, ನವೆಂಬರಲ್ಲಿ ಕಾಡಿನ ತುಂಬ ಜನ, ಈ ಸಲ ಗಲಾಟೆಯಿಲ್ಲದ ಹೊತ್ತಿಗೇ ಹೋಗಿಬರೋಣ ಎಂದು ಒಂದು ಸುಳ್ಳು ಹೊಸೆದಿದ್ದ. ಮುದುಕ ಸರಿ ಅಂದಿದ್ದ. ಕಿಟಕಿ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದರೂ ಅಪ್ಪ ಕಲಿತ ಇಂಗ್ಲಿಷು ನಾಲ್ಕೇ ಮಾತು ಎಂಬುದು ಮಗನ ಲೆಕ್ಕ.

ಡ್ವೇನ್ ಒಳ್ಳೆಯ ಮನುಷ್ಯ. ಒಂದೊಂದೇ ಬಿಲ್ಲು ಇಳಿಸಿ ಮುಂದಿಟ್ಟ. ಮುದುಕ ಪ್ರತಿಯೊಂದನ್ನೂ ಉಗುರಿನಿಂದ ತಟ್ಟಿ, ಇದು ಯಾವುದರದ್ದು, ಅದು ಯಾವುದರದ್ದು ಎಂದು ಮಗನನ್ನು ಪೀಡಿಸಿದ. ಬಾಣ ಕೂರುವ ಹಳಿ ಅಲ್ಯೂಮಿನಿಯಂ ಅಂದರೆ ಪಕ್ಕಕ್ಕಿಟ್ಟ. ಪ್ಲಾಸ್ಟಿಕ್ಕಿನದೊಂದು ಬಂತು, ಅದರ ಕುದುರೆ ಉಕ್ಕಿನದು, ಅದೂ ಬೇಡವಾಯಿತು. ಇನ್ನೊಂದರಲ್ಲಿ ತಿರುಪುಗಳು. ಏಳನೆಯದಕ್ಕೆ ಕೆಂಗ್‌ಗೆ ರೇಗಿತು. ಹೊಡೆಯುವುದನ್ನು ನೋಡಿ ಆರಿಸುವುದು ಬಿಟ್ಟು ಇದೇನು ಗುಜರಿಯವನ ಹಾಗೆ ಎಂದು ಗೊಣಗಿದ. ತನ್ನ ಹೆಂಡತಿಯನ್ನೇ ತಾನು ಇಷ್ಟು ಪರೀಕ್ಷೆ ಮಾಡಿ ಆರಿಸಿರಲಿಲ್ಲ ಎಂದು ಡ್ವೇನ್ ನಕ್ಕ. ಮುದುಕ ನಗಲಿಲ್ಲ.

ಕೊನೆಗೆ ಹಗುರವಾದದ್ದೊಂದನ್ನು ಹಿಡಿದು, ಗುರಿ ಹೊಡೆದು ನೋಡುವ ಹಿಂದಿನ ಕೋಣೆಗೆ ಹೋದರು. ಹಿಡಿ ತಿರುಗಿಸಿ ಹೆದೆ ಏರಿಸಿದ ಕೆಂಗ್ ಮೊದಲು ತಾನೇ ಗುರಿ ಇಟ್ಟ. ಅಪ್ಪ ಅವನ ಹೆಬ್ಬೆರಳಿಗೆ ಪಟ್ಟನೆ ಹೊಡೆದ. ಬೆರಳು ಹಳಿಗಿಂತ ಕೆಳಗಿರಲಿ, ಹೆದೆ ಬಡಿದರೆ ತುಂಡಾಗಿ ಬೀಳುತ್ತೆ ಅಂದ. ಆಮೇಲೆ ತಾನೇ ಸ್ಟೂಲಿನ ಮೇಲೆ ಕೂತು ಬಾಣ ಬಿಟ್ಟ. ಲಾವೋಸಿನ ಗುಡ್ಡದಲ್ಲಿ ಚಿಕ್ಕಂದಿನಲ್ಲಿ ಬಿದಿರಿನ ಬಿಲ್ಲಿನಿಂದ ಅಳಿಲು ಹೊಡೆದಿದ್ದ ಕೈ ಅದು. ಬಾಣ ಸ್ಪಂಜಿನ ಜಿಂಕೆಯ ಎದೆಗೇ ನೆಟ್ಟಿತು. “ಜಿಂಕೆಗೆ ಇದು ಸಾಕು,” ಅಂದ ಮುದುಕ, ಉಬ್ಬಸದಲ್ಲಿ.

ಅದನ್ನೇ ಕೊಂಡು ಕಾರಿನಲ್ಲಿ ಕೂತ ಮೇಲೂ ಮುದುಕ ಬೆಲ್ಟು ಹಾಕಿಕೊಳ್ಳಲಿಲ್ಲ. ಎಲ್ಲದರಲ್ಲೂ ಲೋಹ ಇದೆ ಎಂದು ತನ್ನಷ್ಟಕ್ಕೆ ಗೊಣಗಿದ. ಇರದೆ ಇನ್ನೇನು ಎಂದು ಮಗ ಸಿಡುಕಿದ. “ಈ ಕಾಲದಲ್ಲಿ ಬಿಲ್ಲನ್ನ ಬಿದಿರಲ್ಲಿ ಮಾಡ್ತಾರೇನಪ್ಪ?”

ಆಡಿದ ಮಾತು ಅವನ ಕಿವಿಗೇ ವಾಪಸು ಬಡಿಯಿತು. ದೊಡ್ಡಪ್ಪ ಸತ್ತ ದಿನ ಹೆಂಗಸರು ಕತ್ತರಿ ಹಿಡಿದು ಹೆಣದ ಪ್ಯಾಂಟಿನ ಜಿಪ್ಪು, ಅಂಗಿಯ ತಾಮ್ರದ ಗುಂಡಿ ಎಲ್ಲ ಕತ್ತರಿಸಿ ತೆಗೆದಿದ್ದರು. ಸೂಜಿಯಷ್ಟು ಲೋಹ ಜೊತೆಗೆ ಹೋದರೂ ಸತ್ತವನಿಗೆ ದಾರಿಯಲ್ಲಿ ನೆಮ್ಮದಿಯಿಲ್ಲವಂತೆ. ಪಕ್ಕದಲ್ಲಿ ಮಲಗಿಸಿದ್ದು ಒಂದು ಪುಟ್ಟ ಬಿದಿರಿನ ಅಡ್ಡಬಿಲ್ಲು. ಅದಿಲ್ಲದೆ ಗಂಡಸು ಆ ದಾರಿಯನ್ನು ಬರಿಗೈಲಿ ನಡೆಯಬೇಕಾಗುತ್ತದೆ.

“ಒಂದರಲ್ಲೇ ಎರಡೂ ಕೆಲಸ ಮುಗೀಲಿ ಅಂತ ಹುಡುಕಿದೆ ಮಗಾ,” ಅಂದ ಅಪ್ಪ. “ನಿನಗೆ ಕೆತ್ತೋಕೆ ಬರಲ್ಲವಲ್ಲ. ಸಿಗಲಿಲ್ಲ. ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿಗೆ ಊರಿರೋ ಬಿದಿರು ಇದೆ, ಅದನ್ನೇ ತಗೊಂಡು ನೀನೇ ಮಾಡು. ಹೊರಗಿನವರ ಕೈಲಿ ಮಾಡಿಸಬೇಡ.”

ಕೆಂಗ್ ಅಪ್ಪನ ಬೆಲ್ಟಿಗೆ ಕೈ ಚಾಚಿದ. “ಈಗ್ಯಾಕಪ್ಪ ಆ ಮಾತು. ನಿಮ್ಮ ಮಕ್ಕಳಿಗೆ ನೂರಿಪ್ಪತ್ತು ವರ್ಷ ಆದಾಗ ನೋಡಿದ್ರಾಯ್ತು.”

“ನನ್ನ ಮಕ್ಕಳಿಗೆ ನವೆಂಬರಲ್ಲಿ ನೂರಿಪ್ಪತ್ತು ತುಂಬುತ್ತಲ್ಲ.”

ಮುದುಕನ ಮುಖದಲ್ಲಿ ಸಿಟ್ಟಿರಲಿಲ್ಲ. ಅಂಗಿಯ ತೋಳನ್ನು ಮೇಲೆ ಸರಿಸಿ, ಹಳದಿಗಟ್ಟಿದ ಕೈಯನ್ನು ಮಗನ ಮುಂದೆ ಚಾಚಿದ. “ಮೊಣಕೈಯಿಂದ ಬೆರಳ ತುದಿವರೆಗೆ, ಅಷ್ಟುದ್ದ ಸಾಕು. ಅಳತೆ ಈಗಲೇ ತಗೊಂಡುಬಿಡು.”

ಅಳತೆಗೆ ಕಾರಿನಲ್ಲಿ ಏನೂ ಇರಲಿಲ್ಲ. ಕೆಂಗ್ ಬಗ್ಗಿ ಬೂಟಿನ ದಾರ ಎಳೆದುಕೊಂಡ. ಅದರ ತುದಿಯಲ್ಲಿದ್ದ ತಗಡಿನ ಚೂರನ್ನು ಹಲ್ಲಿನಿಂದ ಕಚ್ಚಿ ಕಿತ್ತು ಉಗಿದ. ಆಮೇಲೆ ದಾರವನ್ನು ಅಪ್ಪನ ಕೈಯ ಮೇಲೆ ಉದ್ದಕ್ಕೆ ಇಟ್ಟ.