ಎರಡನೇ ಬೆರಳು

“ಆ ಕೈ ಮುರಿದ ಹೆಂಗಸಿನ ದಾಖಲೆ ತೆರೆದದ್ದು ನೀನೇ ತಾನೆ?”

ಭದ್ರತಾಧಿಕಾರಿ ಬಾಗಿಲು ದೂಡಿಕೊಂಡೇ ಒಳಗೆ ಬಂದ. ಆಸ್ಪತ್ರೆಯ ದಾಖಲೆ ವಿಭಾಗದ ಗುಮಾಸ್ತೆ ಕಂಪ್ಯೂಟರಿನಿಂದ ತಲೆ ಎತ್ತಿದಳು.

“ಹೌದು ಸರ್. ವಾರ್ಡಿನ ಸಿಸ್ಟರೂ ಜೊತೆಗಿದ್ರು. ವಿಳಾಸ ಬದಲಾಯಿಸಿ ಅಂತ ಆ ಪೇಷೆಂಟೇ ಕೇಳ್ಕೊಂಡ್ರು.”

“ಕೇಳ್ಕೊಂಡ್ರು, ನೀನು ನಂಬಿಬಿಟ್ಟೆ!”

ನಂಬಿಕೆ ಎಂಬ ಮಾತು ಕೇಳಿದರೇ ಅವನ ಮೈ ಉರಿಯುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವನನ್ನು ಅನುಮಾನರಾಯ ಎನ್ನುತ್ತಿದ್ದರು. ಅನ್ನಲಿ, ಅವನಿಗೇನು? ಅವನು ತಂದ ವ್ಯವಸ್ಥೆಯಲ್ಲಿ ಒಳಗಿನವರು, ಹೊರಗಿನವರು ಎಂಬ ಭೇದವೇ ಇರಲಿಲ್ಲ. ದೊಡ್ಡ ಡಾಕ್ಟರೇ ಆದರೂ ಪ್ರತಿ ಸಲ ಗುರುತು ತೋರಿಸಬೇಕು, ಕಾರಣ ಹೇಳಬೇಕು. ಗುಟ್ಟಾಗಿಡಿ ಎಂದು ರೋಗಿ ಕೇಳಿಕೊಂಡ ದಾಖಲೆಯಾದರೆ ಇಬ್ಬರು ಬೆರಳೊತ್ತಬೇಕು. ಒಬ್ಬರ ಬೆರಳಿಗೆ ಅದು ಜಪ್ಪಯ್ಯ ಎಂದರೂ ತೆರೆಯದು. ಮನೆಯಲ್ಲೂ ಅವನದು ಇದೇ ಕಾನೂನಂತೆ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು.

ಈ ವಾರ ಯಾರೂ ನಗುತ್ತಿರಲಿಲ್ಲ. ಇಸ್ತ್ರಿ ಕಾಣದ ಅಂಗಿ, ನಿದ್ದೆಗೆಟ್ಟ ಕೆಂಪು ಕಣ್ಣು. ಅವನು ಇದೊಂದೇ ದಾಖಲೆಯ ಬೆನ್ನು ಬಿದ್ದಿದ್ದ. ಪಾಪ, ಕೆಲಸಕ್ಕಾಗಿ ಜೀವ ತೇಯುತ್ತಾನೆ ಎಂದು ಕೆಲವರು ಮರುಗಿದ್ದೂ ಉಂಟು.

“ಅವಳನ್ನ ಒಬ್ಬ ಹುಡುಕ್ತಿದಾನೆ. ಗೊತ್ತಾ ನಿನಗೆ?”

“ಗೊತ್ತು ಸರ್.”

“ಅವನಿಗೆ ವಿಳಾಸ ಕೊಟ್ಯಾ?”

“ಇಲ್ಲ. ಜೀವ ಹೋದ್ರೂ ಕೊಡಲ್ಲ.”

“ನಿನ್ನ ಬಾಯಿಮಾತು ಯಾರಿಗೆ ಬೇಕು? ಏನು ತಿದ್ದಿದ್ದೀಯೋ ನಾನು ಕಣ್ಣಾರೆ ನೋಡ್ಬೇಕು.”

ಅವನು ತನ್ನ ಬೆರಳನ್ನು ಯಂತ್ರಕ್ಕೆ ಒತ್ತಿದ. ಹಸಿರು ದೀಪ ಹೊತ್ತಿತು. ಇನ್ನು ಬೇಕಾದ್ದು ಇನ್ನೊಂದೇ ಬೆರಳು.

ಗುಮಾಸ್ತೆ ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಳು. ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು. ಹೆದರಿದವರು ಬೇಗ ಬಗ್ಗುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಕೆಲಸ ಬೇಕೋ ಬೇಡ್ವೋ?”

“ಬೇಕು ಸರ್. ಆದ್ರೆ ಕಾರಣ ಹೇಳಿ. ನಿಮ್ಮದೇ ನಿಯಮ.”

“ತನಿಖೆ!”

“ಅದು ಕಾರಣ ಅಲ್ಲ ಸರ್.”

ಮೇಜಿನ ಮೇಲೆ ಗುದ್ದು ಬಿತ್ತು. ಪೆನ್ನುಗಳು ನೆಲಕ್ಕುರುಳಿದವು. ಅವನು ಮೇಜು ಬಳಸಿ ಬಂದು ಅವಳ ಮಣಿಕಟ್ಟು ಹಿಡಿದು ಯಂತ್ರದತ್ತ ಎಳೆದ. ಅವಳು ಬೆರಳುಗಳನ್ನು ಬಿಗಿಯಾಗಿ ಮಡಚಿಕೊಂಡಳು.

“ಮುರೀರಿ ಸರ್, ಅವರ ಕೈ ಮುರಿದ ಹಾಗೆ ನನ್ನದೂ ಮುರೀರಿ. ಆದ್ರೆ ನಿಮ್ಮ ಹೆಂಡತಿ ಎಲ್ಲಿದ್ದಾರೆ ಅಂತ ಈ ಬೆರಳು ಹೇಳಲ್ಲ.”