ನಾಲ್ಕೂವರೆ ಮೀಟರ್

ಸಿಗ್ನಲ್ ಕೈಪಿಡಿಯಲ್ಲಿರುವ ಅಂಕಿ ತಪ್ಪು ಎಂದು ಸಾರಿಗೆ ಇಂಜಿನಿಯರಿಂಗ್ ಪ್ರೊಫೆಸರ್ ನಗರದ ಸಂಚಾರ ಸಮಿತಿಯ ಸಭೆಯಲ್ಲಿ ಹೇಳಿದರು. ಅಂಕಿ ಅವರದೇ. ರಸ್ತೆ ದಾಟುವವರು ಸೆಕೆಂಡಿಗೆ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ನಡೆಯುತ್ತಾರೆಂದು ಇಪ್ಪತ್ತೆಂಟು ವರ್ಷದ ಹಿಂದೆ ಅಳೆದವರು ಅವರು. ಊರಿನ ಅಷ್ಟೂ ಸಿಗ್ನಲ್‌ಗಳು ಅದನ್ನೇ ನಂಬಿ ಹಸಿರಾಗುತ್ತಿದ್ದವು, ಕೆಂಪಾಗುತ್ತಿದ್ದವು. ಮುಂದಿನ ತಿಂಗಳು ಅವರಿಗೆ ಬರಲಿದ್ದ ಪ್ರಶಸ್ತಿಯೂ ಅದಕ್ಕೇ.

ಎದುರಿಗೆ ಕೂತಿದ್ದ ಮುಖ್ಯ ಇಂಜಿನಿಯರ್ ಅವರ ಹಳೆಯ ವಿದ್ಯಾರ್ಥಿ.

"ಮೇಡಂ, ಅದನ್ನ ಬಾಯಿಪಾಠ ಮಾಡಿ ಪಾಸಾದವರು ನಾವು. ತಪ್ಪು ಹೇಗಾಗತ್ತೆ?"

"ಎಲ್ಲಿ ಅಳೆದಿದ್ದೆ ಗೊತ್ತಾ? ನಮ್ಮ ಕಾಲೇಜು ಗೇಟಿನ ಮುಂದೆ, ಬೆಳಗ್ಗೆ ಒಂಬತ್ತಕ್ಕೆ. ದಾಟಿದವರೆಲ್ಲ ಇಪ್ಪತ್ತರ ಪ್ರಾಯದವರು. ಅದೂ ಕ್ಲಾಸಿಗೆ ತಡ ಆದವರು. ನೀನೂ ಇದ್ದಿರ್ತೀಯ."

ಸಭೆ ನಕ್ಕಿತು. ಪ್ರೊಫೆಸರ್ ನಗಲಿಲ್ಲ. ಈ ವರ್ಷ ನಲವತ್ತೊಂದು ದಿನ ಕಣ್ಣಾಸ್ಪತ್ರೆಯ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಾಗಿ ಹೇಳಿದರು. ಅಲ್ಲಿ ದಾಟುವವರ ನಡಿಗೆ ಸೆಕೆಂಡಿಗೆ ತೊಂಬತ್ತು ಸೆಂಟಿಮೀಟರ್. ರಸ್ತೆ ಹದಿನೆಂಟು ಮೀಟರ್. ಸಿಗ್ನಲ್ ಕೊಡುವುದು ಹದಿನೈದು ಸೆಕೆಂಡು, ಅವರಿಗೆ ಬೇಕಾದದ್ದು ಇಪ್ಪತ್ತು. ದೀಪ ಕೆಂಪಾದಾಗ ಅವರ ಮುಂದೆ ಇನ್ನೂ ನಾಲ್ಕೂವರೆ ಮೀಟರ್ ಉಳಿದಿರುತ್ತದೆ. ಆ ನಾಲ್ಕೂವರೆ ಮೀಟರಿನಲ್ಲಿ ಈ ವರ್ಷ ಇಬ್ಬರು ಸತ್ತಿದ್ದರು.

ಸಮಿತಿಯ ಅಧ್ಯಕ್ಷರು ದನಿ ತಗ್ಗಿಸಿ, ಸನ್ಮಾನವೊಂದು ಮುಗಿದುಹೋಗಲಿ, ಆಮೇಲೆ ಸದ್ದಿಲ್ಲದೆ ತಿದ್ದಿದರಾಯಿತು ಎಂದರು. ಪ್ರಶಸ್ತಿ ಪತ್ರದಲ್ಲಿ ಆ ಅಂಕಿಯೇ ಅಚ್ಚಾಗಿತ್ತಂತೆ.

"ಅಲ್ಲೀವರೆಗೆ ಅವರನ್ನ ರಸ್ತೆ ಮಧ್ಯೆ ನಿಲ್ಸೋಣವಾ?" ಎಂದರು ಪ್ರೊಫೆಸರ್.

ಮೇಜಿನ ಮೇಲಿದ್ದ ಕೈಪಿಡಿಯ ಅಂಕಿ ಅಳಿಸಲು ಗುಮಾಸ್ತೆ ವೈಟ್‌ನರ್ ತಂದಳು. ಅವರು ಬೇಡವೆಂದರು. ಅಳತೆಯ ಪುಸ್ತಕದಲ್ಲಿ ತಪ್ಪನ್ನು ಅಳಿಸಬಾರದು. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೊದಲ ವರ್ಷದವರಿಗೆ ಅವರು ಕಲಿಸುವ ಮೊದಲ ಪಾಠ ಅದು. ಮುಖ್ಯ ಇಂಜಿನಿಯರ್ ತನ್ನ ಪೆನ್ನು ತೆಗೆದುಕೊಟ್ಟ. ಅವರು ಗೆರೆ ಎಳೆದು ಸಹಿ ಹಾಕುವವರೆಗೂ ಅವನು ಎದ್ದು ನಿಂತೇ ಇದ್ದ.

ಪ್ರಶಸ್ತಿ ಬೇರೆಯವರ ಪಾಲಾಯಿತು. ಆರು ವಾರದ ಮೇಲೆ ಸಿಗ್ನಲ್ ಬದಲಾದ ದಿನ ಗುರು, ಶಿಷ್ಯ ಇಬ್ಬರೂ ಕಣ್ಣಾಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿದ್ದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜಿಯೊಬ್ಬರು ಮಗಳ ತೋಳು ಹಿಡಿದು ರಸ್ತೆ ದಾಟಿ ಬಂದರು. ಫುಟ್‌ಪಾತ್ ಹತ್ತಿ ಉಸಿರು ಬಿಟ್ಟು, ತಿರುಗಿ ದೀಪ ನೋಡಿದರು. ತನ್ನ ಗುರು ಯಾರೆಂದು ಅಜ್ಜಿಗೆ ಹೇಳಲು ಶಿಷ್ಯ ಬಾಯಿ ತೆರೆದ. ಪ್ರೊಫೆಸರ್ ಕಣ್ಣಲ್ಲೇ ಗದರಿದರು.

"ಏನಮ್ಮಾ," ಎಂದರು ಅಜ್ಜಿ, ಹತ್ತಿರವಿದ್ದ ಪ್ರೊಫೆಸರ್ ಕಡೆ ತಿರುಗಿ, "ಈ ದೀಪ ಕೆಟ್ಟಿದೆ ಅಂತ ಸಂಬಂಧಪಟ್ಟವರಿಗೆ ಹೇಳಬಾರದಾ? ನಾನು ದಾಟಾಯ್ತು, ಇನ್ನೂ ಹಸಿರೇ ಇದೆ."